ನಾಲ್ಕು ಚೌಕ

ಸೋಲಾಪುರ ರೋಡಿಗೆ ಹೊಸದಾಗಿ ಎದ್ದಿದ್ದ ನೀರಿನ ಪಾರ್ಕಿಗೆ
ಖಾನಾವಳಿಗೆ ಕೀಲಿ ಜಡದು ಹೋದ್ವಿ ನಾವು:
ನಾನು, ಗುರಪಾದ, ಎರಡು ಹುಡುಗೂರು,
ಮತ್ತ, ನಾ ಒಲ್ಲೆ ಅಂತ ಹೇಳಿ
ಎಲ್ಲಾರಕಿಂತ ಮೊದಲ ಟಂಟಂ ಹತ್ತಿ ಕುಂತ ನಮ್ಮತ್ತಿ.

ಗೇಟಿನಾಗ ಒಬ್ಬ ಹುಡುಗಿ
ಎಲ್ಲಾರ ಮಣಿಕಟ್ಟಿಗೂ ಕಿತ್ತಳಿ ಪಟ್ಟಿ ಸುತ್ತಿದಳು.
ಅದರ ಮ್ಯಾಲ ನಾಲ್ಕು ಚೌಕ:
ನಾಷ್ಟಾ, ಊಟ, ಚಾ-ಭಜಿ, ಐಸ್‌ಕ್ರೀಮು.
"ಮೊದಲ ಕಟ್ಟೀರಲ್ರಿ, ಒಳಗ ರೊಕ್ಕ ತಗಿಯೂದ ಬ್ಯಾಡ."
ಅತ್ತಿ ಬಳಿ ಹಿಂದ ಸರಿಸಿ ಪಟ್ಟಿಗೆ ಜಾಗಾ ಮಾಡಿದಳು.

ನಾ ನಕ್ಕೆ.
ಹನ್ನೆರಡು ವರ್ಷ ನಾ ಮಂದಿಗೆ ಕೊಟ್ಟದ್ದೂ ಇದನ್ನ:
ತಿಂಗಳ ಕಾರ್ಡು, ಅರವತ್ತು ಮನಿ,
ಒಪ್ಪತ್ತಿಗೆ ಒಂದು ಗೀಟು.

ಐದು ಮಂದಿ, ನಾಲ್ಕು ಚೌಕ, ಇಪ್ಪತ್ತು;
ಒಂದೂ ಬಿಡಬಾರದು ಅಂದ ಗುರಪಾದ.
ಸುಸಲಾ ತಿಂದ, ಇಡ್ಲಿ ತಿಂದ, ಮತ್ತ ಸುಸಲಾ ತಿಂದ.
ತೂಗೂ ಹಡಗು ನಾಲ್ಕನೇ ಜೋಕಿಗೆ
ಕಟ್ಟಿದ ರೊಕ್ಕದಾಗ ಅರ್ಧ
ಬೇಲಿಗುಂಟ ವಾಪಸ್ ಕೊಟ್ಟಿತು.

ಊಟದ ಸಾಲಿನಾಗ ತಾಟು ಹಿಡದು ನಿಂತೆ.
ಈ ಕಡೆ ನಿಂತದ್ದು ಇದ ಮೊದಲು.
ಕೈ ಸುಮ್ನಿರಲಿಲ್ಲ, ಯಾರಿಗೋ ಎರಡನೇ ರೊಟ್ಟಿ ಹಾಕಾಕ ಹೋದಂಗ
ಗಾಳಿಯಾಗ ಆಡತಿತ್ತು.
ಶೇಂಗಾ ಚಟ್ನಿಯೊಳಗ ಪುಠಾಣಿ ಕಲಿಸ್ಯಾರ.
ಬೋರ್ಡಿನಾಗ 'ಬೇಕಾದಷ್ಟು' ಅಂತ ಬರದಾರ ಖರೆ,
ಎರಡನೇ ಸಲ ಹೋದರ ಪಲ್ಯದ ಚಮಚ ಸಣ್ಣದಾಗತೈತಿ.
ಆ ಚಮಚ ನನಗೂ ಗೊತ್ತು.
ನಮ್ಮಲ್ಲೂ ಐತಿ, ಮೂಲ್ಯಾಗ ಮೊಳಿಗೆ ತೂಗತೈತಿ.

ಸಣ್ಣಾಕಿ ಮಲ್ಲಮ್ಮ ಹಸಿ ಫ್ರಾಕಿನಾಗ
ಅಜ್ಜಿ ತೊಡಿಮ್ಯಾಲ ನಿದ್ದಿ ಹೋಗಿತ್ತು.
ಎದ್ದಮ್ಯಾಲ ಉಣ್ಣತೈತಪಾ, ತಗದಿಡು ಅಂದೆ.
ಕೌಂಟರಿನ ಹುಡುಗ ಗಡಿಯಾರ ನೋಡಿದ:
"ಎರಡೂವರಿಗೆ ಊಟದ ಚೌಕ ಸಾಯತೈತ್ರಿ ಅಕ್ಕಾರ."

ಸಾಯತೈತಿ.
ನನ್ನ ಕಡೆ ಚೌಕ ಸಾಯೂದಿಲ್ಲ.
ಲಚ್ಯಾಣದ ಬಂಡೆಪ್ಪಗ ಒಂಬತ್ತು ದಿನ ಜ್ವರ ಬಂದಾಗ
ಹದಿನೆಂಟು ಮನಿ ಮುಂದಿನ ತಿಂಗಳಿಗೆ ದೂಡಿದ್ದೆ.
ಖರೇ ಹೇಳಬೇಕಂದ್ರ ಎಲ್ಲಾರಿಗೂ ಅಲ್ಲ.
ಮದುವಿ ಉಂಡು ಬಂದು ಲೆಕ್ಕ ಕೇಳಿದವರಿಗೆ
ಹಿಟ್ಟಿನ ಕೈಲೇ ಬಾಗಿಲು ತೋರಿಸೀನಿ.

"ನೀ ಉಂಡೀ ಏನಪಾ?"
"ನಾವು ನಾಕಕ್ಕ ರೀ."
"ಹಂಗಾರ ಇದನ್ನ ಒತ್ತು, ಕೂಸಿನ ಪಾಲು ನೀ ಉಣ್ಣು."
ಅವ ಮ್ಯಾಲ ನೋಡಿದ. ನಾನೂ ನೋಡಿದೆ.
ತಗಡಿನ ಕೆಳಗ ಕರಿ ಕ್ಯಾಮೆರಾ
ನಮ್ಮಿಬ್ಬರನ್ನೂ ಕಣ್ಣು ಮಿಟುಕಿಸದ ನೋಡತಿತ್ತು.

ಸಂಜೀಕ ಸುಳ್ಳ ಮಳಿ ಬಿಟ್ಟರು,
ಪೈಪಿನಿಂದ, ಹಾಡು ಹಚ್ಚಿ.
ದಿನಾ ಪೂರ್ತಿ ನೀರಿಗಿಳಿಯದ ಅತ್ತಿ
ಒಮ್ಮಿಂದೊಮ್ಮೆಲೆ ಎದ್ದು ನಡುವ ಹೋಗಿ ನಿಂತಳು,
ಮೊಮ್ಮಗ ಸಂಗನ ಕೈ ಹಿಡಕೊಂಡು.
ಸೆರಗಿನ ತುದಿಯೊಳಗ ಕಟ್ಟಿಟ್ಟ ಆರು ಭಜಿ
ಆವಾಗ ಕಂಡವು, ಎಣ್ಣಿ ಬಿಟಗೋತ.
ಮಲ್ಲವ್ವನ ಊಟ ಅದು, ಅಂದಳು,
ಕಟ್ಟೇನಲ್ಲ ರೊಕ್ಕ.

ಐಸ್‌ಕ್ರೀಮಿನ ಹೊತ್ತಿಗೆ ಮಷಿನ್ ಕೆಟ್ಟಿತ್ತು.

ನಸುಕಿನ ಐದಕ್ಕ ಕೊಣಮಿಗಿ ಮುಂದ ಕುಂತಾಗ
ಪಟ್ಟಿ ಇನ್ನೂ ಕೈಯಾಗ ಇತ್ತು.
ಹರಿಯವಲ್ದು, ಕತ್ತರಿ ಹುಡುಕೂ ಪುರುಸೊತ್ತಿಲ್ಲ.
ರೊಟ್ಟಿ ಬಡಿದಂಗ ಬಡಿದಂಗ
ಒತ್ತಿದ ಮೂರು ತೂತಿನೊಳಗೂ
ಜೋಳದ ಹಿಟ್ಟು ತುಂಬಕೋತ ಬಂತು.

"ಏನ್ರಿ ನಿಂಬೆವ್ವಾರ, ಕೈಯಾಗ?"
ಮೊದಲ ತಾಟಿನ ಬಂಡೆಪ್ಪ ಕೇಳಿದ.
"ಕಾರ್ಡು" ಅಂದೆ. "ಒಂದು ಮನಿ ಬಾಕಿ ಐತಿ."
ಅವನ ತಾಟಿಗೆ ಬಿಸಿದೊಂದು ಒಗದು
ದೊಡ್ಡ ಚಮಚಕ್ಕ ಕೈ ಹಾಕಿದೆ.